ಕೂತರೆ ಉರಿ, ನಿಂತರೆ ಆರಾಮ: ಈ ನರದ ನೋವಿಗೆ ಆಪರೇಷನ್ ಬೇಕಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ಊರು ಕುಂದಾಪುರದ ಕಡೆ. ಮುಂಬೈಯ ಘಾಟ್‌ಕೋಪರ್‌ನಲ್ಲಿ ನಮ್ಮದೊಂದು ಸಣ್ಣ ಹೋಟೆಲ್ ಇದೆ. ಬೆಳಿಗ್ಗೆ ಏಳರಿಂದ ಮೂರರವರೆಗೆ, ಮತ್ತೆ ಸಂಜೆ ಐದರಿಂದ ರಾತ್ರಿ ಹನ್ನೊಂದರವರೆಗೆ ಗಲ್ಲಾದಲ್ಲಿ ಕೂರುವವನು ನಾನೇ. ಎರಡು ವರ್ಷದಿಂದ ಮಲದ್ವಾರಕ್ಕೂ ವೃಷಣಕ್ಕೂ ನಡುವಿನ ಜಾಗದಲ್ಲಿ ಉರಿ, ಚುಚ್ಚುವ ನೋವು. ಬಲಗಡೆ ಜಾಸ್ತಿ. ಕೂತರೆ ಕೆಂಡದ ಮೇಲೆ ಕೂತ ಹಾಗೆ. ನಿಂತರೆ ಕಮ್ಮಿ. ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ. ನಾಲ್ಕು ಕಡೆ ತೋರಿಸಿದೆ. ಒಬ್ಬರು ಪ್ರಾಸ್ಟೇಟ್ ಗ್ರಂಥಿಯ ಸೋಂಕು ಅಂತ ಮೂರು ಸಲ ಆಂಟಿಬಯೋಟಿಕ್ ಕೊಟ್ಟರು. ಇನ್ನೊಬ್ಬರು ಮೂಲವ್ಯಾಧಿ ಅಂದರು. ಬೆನ್ನಿನ ಎಂ.ಆರ್.ಐ.ನಲ್ಲಿ ಎಲ್5-ಎಸ್1, ಅಂದರೆ ಸೊಂಟದ ಕೊನೆಯ ಡಿಸ್ಕ್ ಉಬ್ಬಿದೆ ಅಂತ ಬಂತು. ಕೊನೆಯವರು ನರದ ನೋವು ಅಂದು ಪ್ರೀಗಾಬಾಲಿನ್ 75 ಎರಡು ಹೊತ್ತು ಬರೆದರು. ತಲೆ ತಿರುಗಿ ಚಿಲ್ಲರೆ ಎಣಿಸಲು ಆಗುತ್ತಿಲ್ಲ. ಆಪರೇಷನ್ ಮಾಡಿದರೆ ಹೋಗುತ್ತದೆ ಅಂತ ಪರಿಚಯದವರೊಬ್ಬರು ಹೇಳಿದರು. ಮಾಡಿಸಲಾ? ಇಂಜೆಕ್ಷನ್ ಸಾಕಾ? ಮುಂದಿನ ತಿಂಗಳು ಊರಿನಲ್ಲಿ ಅಣ್ಣನ ಮಗಳ ಮದುವೆ. ಅಷ್ಟು ದೂರ ಹೋಗಬಹುದಾ? ಇದನ್ನೆಲ್ಲ ಮನೆಯಲ್ಲಿ ಬಾಯಿಬಿಟ್ಟು ಹೇಳಲೂ ಆಗುವುದಿಲ್ಲ.

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಮಾತು ನನಗೆ ತುಂಬ ಮುಖ್ಯ ಅನ್ನಿಸಿದವು. ಕೂತರೆ ಜಾಸ್ತಿ, ನಿಂತರೆ ಕಮ್ಮಿ, ರಾತ್ರಿ ನಿದ್ದೆಗೆ ತೊಂದರೆ ಇಲ್ಲ. ನಾಲ್ಕು ಕಡೆ ತೋರಿಸಿದ್ದೀರಿ. ಆದರೆ ಕೂರುವುದರ ಬಗ್ಗೆ ಯಾರಾದರೂ ಕೇಳಿದರು ಅಂತ ನೀವು ಬರೆದಿಲ್ಲ.

ಈ ನೋವನ್ನು ಗುರುತಿಸಲು ನಾನು ಕಲಿತದ್ದು ಪುಸ್ತಕದಿಂದ ಅಲ್ಲ. ಬಹಳ ಹಿಂದೆ ಒಬ್ಬ ಹೆಂಗಸು ಕ್ಲಿನಿಕ್‌ಗೆ ಬಂದಿದ್ದರು. ಕುರ್ಚಿ ತೋರಿಸಿದೆ. "ಇರಲಿ ಡಾಕ್ಟ್ರೇ" ಅಂದರು. ಮತ್ತೆ ಹೇಳಿದೆ. ಆಗಲೂ ಕೂರಲಿಲ್ಲ. ಮೂರನೇ ಸಲಕ್ಕೆ ಕುರ್ಚಿಯ ಅಂಚಿಗೆ ಎಡ ತೊಡೆಯನ್ನು ಮಾತ್ರ ಊರಿದರು. ಒಂದು ಕೈ ಮೇಜಿನ ಮೇಲೆ, ಬಲಗಾಲು ನೆಲಕ್ಕೆ ಒತ್ತಿ ಹಿಡಿದಿತ್ತು. ಅರ್ಧ ಕೂತು ಅರ್ಧ ನಿಂತ ಹಾಗೆ. ಅವರ ಕಡತ ಇಷ್ಟು ದಪ್ಪ ಇತ್ತು. ಆದರೆ ಕಾಯಿಲೆ ಏನು ಅಂತ ಹೇಳಿದ್ದು ಆ ಕೂರುವ ರೀತಿ. ಅವತ್ತಿನಿಂದ ನಾನು ಕಡತ ತೆಗೆಯುವ ಮೊದಲು ಬಂದವರು ಹೇಗೆ ಕೂರುತ್ತಾರೆ ನೋಡುತ್ತೇನೆ.

ನಿಮ್ಮನ್ನು ಮುಟ್ಟಿ ನೋಡದೆ ಇದೇ ಅಂತ ಹೇಳುವುದು ಸರಿಯಲ್ಲ. ಆದರೂ ನೀವು ಬರೆದದ್ದು ಪುಡೆಂಡಲ್ ನರದ ನೋವಿಗೆ ತುಂಬ ಹತ್ತಿರ ಇದೆ. ಹಾಗಾಗಿ ಮೊದಲು ಆ ನರದ ಬಗ್ಗೆ ಹೇಳುತ್ತೇನೆ. ಅದು ಗೊತ್ತಾದರೆ ಯಾವ ಚಿಕಿತ್ಸೆ ಮೊದಲು, ಯಾವುದು ಆಮೇಲೆ ಅನ್ನುವುದು ನಿಮಗೇ ಹೊಳೆಯುತ್ತದೆ.

ಬೆನ್ನುಹುರಿಯ ಕೊನೆಯಲ್ಲಿ, ಸೊಂಟದ ಹಿಂದಿನ ಸೇಕ್ರಮ್ ಮೂಳೆಯಿಂದ ಎಸ್2, ಎಸ್3, ಎಸ್4 ಅನ್ನುವ ಬೇರುಗಳು ಹೊರಡುತ್ತವೆ. ಅವು ಸೇರಿ ಈ ನರ ಆಗುತ್ತದೆ. ಅದು ಪೃಷ್ಠದ ಒಳಗೆ ಇಳಿದು ಎರಡು ಗಟ್ಟಿ ನಾರಿನ ಪಟ್ಟಿಗಳ ಸಂದಿಯಲ್ಲಿ ನುಸುಳುತ್ತದೆ. ಡಾಕ್ಟರುಗಳು ಈ ಪಟ್ಟಿಗಳನ್ನು ಲಿಗಮೆಂಟ್ ಅನ್ನುತ್ತಾರೆ. ಆಮೇಲೆ ನಾವು ಕೂರುವಾಗ ನೆಲಕ್ಕೆ ಊರುವ ಮೂಳೆಯ ಒಳಮಗ್ಗುಲಲ್ಲಿ ಒಂದು ಕಿರಿದಾದ ಕಾಲುವೆಯೊಳಗೆ ಸಾಗುತ್ತದೆ. ಐರ್ಲೆಂಡಿನ ಬೆಂಜಮಿನ್ ಆಲ್ಕಾಕ್ ಇದನ್ನು 1836ರಲ್ಲಿ ವಿವರಿಸಿದ. ಹಾಗಾಗಿ ಅದಕ್ಕೆ ಆಲ್ಕಾಕ್ ಕಾಲುವೆ ಅಂತಲೇ ಹೆಸರು. ಅಲ್ಲಿಂದ ಮೂರು ಕವಲು. ಒಂದು ಮಲದ್ವಾರಕ್ಕೆ, ಒಂದು ನೀವು ಹೇಳಿದ ನಡುವಿನ ಜಾಗಕ್ಕೆ, ಒಂದು ಗಂಡಸರಲ್ಲಿ ಶಿಶ್ನಕ್ಕೆ, ಹೆಂಗಸರಲ್ಲಿ ಕ್ಲಿಟೊರಿಸ್‌ಗೆ. ಮೂತ್ರ ಮತ್ತು ಮಲವನ್ನು ತಡೆದು ಹಿಡಿಯುವ ಸ್ನಾಯುಗಳಿಗೆ ಆಜ್ಞೆ ಹೋಗುವುದೂ ಇದೇ ತಂತಿಯಲ್ಲಿ.

ಸಂದಿಯಲ್ಲೋ ಕಾಲುವೆಯಲ್ಲೋ ನರ ಒತ್ತಿಹೋದರೆ, ಎಳೆದುಹೋದರೆ, ಅದು ಹರಡಿರುವ ಜಾಗದಲ್ಲೆಲ್ಲ ಉರಿ ಶುರುವಾಗುತ್ತದೆ. ಜಾಗದಲ್ಲಿ ಗಾಯ ಇರುವುದಿಲ್ಲ. ಕನ್ನಡಿ ಹಿಡಿದು ನೋಡಿದರೂ ಏನೂ ಕಾಣುವುದಿಲ್ಲ.

ಇನ್ನೊಂದು ಮಾತು. ಪುಡೆಂಡಲ್ ಅನ್ನುವುದು ಲ್ಯಾಟಿನ್‌ನಿಂದ ಬಂದ ಪದ. ನಾಚಿಕೆಪಡಬೇಕಾದ ಭಾಗ ಅಂತ ಅದರ ಅರ್ಥ. ಇಂಥ ಹೆಸರು ಇಟ್ಟದ್ದು ಅನ್ಯಾಯ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ. ನಾಚಿಕೆಯಿಂದಾಗಿ ಎಷ್ಟೋ ಜನ ಡಾಕ್ಟರ ಎದುರೂ "ಕೆಳಗೆ ನೋವು", "ಸೊಂಟದ ಹತ್ತಿರ" ಅಂತ ಸುತ್ತಿ ಬಳಸಿ ಹೇಳುತ್ತಾರೆ. ನೀವು ನನಗೆ ನೇರವಾಗಿ ಬರೆದಿರಿ. ಎದುರಿಗಿರುವ ಡಾಕ್ಟರಿಗೂ ಹಾಗೇ ಹೇಳಿ. ಬೆರಳಿಟ್ಟು ತೋರಿಸಿ.

ಇದು ಅದೇ ನೋವಾ ಅಂತ ನೋಡಲು ಫ್ರಾನ್ಸಿನ ನಾಂತ್ ಊರಿನ ಡಾಕ್ಟರುಗಳು 2008ರಲ್ಲಿ ಐದು ಲಕ್ಷಣ ಪ್ರಕಟಿಸಿದರು. ಈಗ ಎಲ್ಲ ಕಡೆ ಅದನ್ನೇ ಬಳಸುತ್ತಾರೆ. ನೋವು ಈ ನರದ ಜಾಗದಲ್ಲೇ ಇರಬೇಕು. ಕೂತರೆ ಜಾಸ್ತಿ ಆಗಬೇಕು. ರಾತ್ರಿ ನೋವಿನಿಂದ ಎಚ್ಚರ ಆಗಬಾರದು. ಮುಟ್ಟಿ ನೋಡಿದರೆ ಸ್ಪರ್ಶಜ್ಞಾನ ಹೋಗಿರಬಾರದು. ನರದ ಸುತ್ತ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟರೆ ನೋವು ನಿಲ್ಲಬೇಕು. ಮೊದಲ ಮೂರು ನಿಮ್ಮಲ್ಲಿ ಇವೆ. ಉಳಿದ ಎರಡನ್ನು ಡಾಕ್ಟರೇ ನೋಡಬೇಕು. ಮನೆಯಲ್ಲಿ ನೀವೇ ನೋಡಬಹುದಾದ ಒಂದು ಸಂಗತಿ ಇದೆ. ಮರದ ಸ್ಟೂಲಿನ ಮೇಲೆ ಕೂತಾಗ ಆಗುವ ನೋವು, ಕಮೋಡಿನ ಮೇಲೆ ಕೂತಾಗ ಅಷ್ಟು ಆಗುತ್ತದಾ? ಕಮೋಡಿನ ನಡುವೆ ಖಾಲಿ. ಅಲ್ಲಿ ಮೂಳೆಗೆ ಭಾರ ಬೀಳುತ್ತದೆ, ನರದ ಜಾಗಕ್ಕೆ ಬೀಳುವುದಿಲ್ಲ. ಈ ನೋವು ಇರುವ ಹೆಚ್ಚಿನವರು "ಅಲ್ಲಿ ಮಾತ್ರ ಆರಾಮ" ಅನ್ನುತ್ತಾರೆ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಎರಡೂ ತೊಡೆಯ ಒಳಭಾಗ ಮತ್ತು ಮಲದ್ವಾರದ ಸುತ್ತ ಇದ್ದಕ್ಕಿದ್ದಂತೆ ಜೋಮು ಹಿಡಿದು ಸ್ಪರ್ಶ ಗೊತ್ತಾಗದಿದ್ದರೆ, ಮೂತ್ರ ಕಟ್ಟಿದರೆ, ಗೊತ್ತಿಲ್ಲದೆ ಮಲ ಹೋದರೆ, ಕಾಲಿನ ಶಕ್ತಿ ಕುಗ್ಗಿದರೆ, ಅದೇ ಗಂಟೆಯಲ್ಲಿ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಬೆನ್ನುಹುರಿಯ ಕೆಳಗಿನ ನರಗಳ ಗೊಂಚಲು ಒತ್ತಿಹೋಗಿರಬಹುದು. ಬೆಳಗಾಗಲಿ ಅಂತ ಕಾಯಬೇಡಿ. ರಾತ್ರಿ ನೋವಿಗೆ ಎಚ್ಚರ ಆಗುವುದು, ಜ್ವರ, ಮೂತ್ರದಲ್ಲಿ ಅಥವಾ ಮಲದಲ್ಲಿ ರಕ್ತ, ಸುಮ್ನೆ ತೂಕ ಇಳಿಯುವುದು ಇದ್ದರೂ ಬೇರೆ ಕಾಯಿಲೆ ಹುಡುಕಬೇಕು. ನಿಮಗೆ ಇವು ಇಲ್ಲದಿದ್ದರೂ ಒಂದು ಸಲ ಪೆಲ್ವಿಸ್‌ನ, ಅಂದರೆ ಸೊಂಟದ ಬಟ್ಟಲಿನ ಎಂ.ಆರ್.ಐ. ಆಗಲಿ ಅನ್ನುತ್ತೇನೆ. ನರ ಒತ್ತಿದೆಯಾ ಅಂತ ಅದರಲ್ಲಿ ಸಾಮಾನ್ಯವಾಗಿ ಕಾಣುವುದಿಲ್ಲ. ಗಡ್ಡೆ, ನೀರುಗುಳ್ಳೆ ಇಲ್ಲ ಅಂತ ಖಾತ್ರಿ ಆಗುತ್ತದೆ.

ನಿಮ್ಮ ಹತ್ತಿರ ಇರುವುದು ಬೆನ್ನಿನ ಎಂ.ಆರ್.ಐ. ಅದರಲ್ಲಿ ಡಿಸ್ಕ್ ಉಬ್ಬಿದೆ ಅಂತ ಹೆದರಬೇಡಿ. ಬೆನ್ನುನೋವೇ ಇಲ್ಲದವರ ಸ್ಕ್ಯಾನ್ ನೋಡಿದರೂ ಇಪ್ಪತ್ತರ ಹರೆಯದಲ್ಲಿ ಸುಮಾರು 30%, ಎಂಬತ್ತರ ವಯಸ್ಸಿನಲ್ಲಿ ಸುಮಾರು 84% ಜನರಲ್ಲಿ ಉಬ್ಬಿದ ಡಿಸ್ಕ್ ಸಿಗುತ್ತದೆ. ಎಲ್5-ಎಸ್1 ಡಿಸ್ಕ್ ತೊಂದರೆ ಕೊಟ್ಟರೆ ನೋವು ಸಾಮಾನ್ಯವಾಗಿ ಕಾಲಿಗೆ, ಪಾದಕ್ಕೆ ಇಳಿಯುತ್ತದೆ. ನಿಮಗೆ ಹಾಗಿಲ್ಲ.

ಆಂಟಿಬಯೋಟಿಕ್ ವಿಷಯಕ್ಕೆ ನನಗೆ ನಿಜವಾಗಿ ಬೇಸರ ಇದೆ. ಮೂತ್ರದ ಕಲ್ಚರ್‌ನಲ್ಲಿ, ಅಂದರೆ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಯಲ್ಲಿ, ಸೋಂಕು ಇಲ್ಲ ಅಂತ ಬಂದ ಮೇಲೂ ಎರಡನೇ ಸಲ, ಮೂರನೇ ಸಲ ಅದೇ ಮಾತ್ರೆ ಬರೆಯುವುದು ನಡೆಯುತ್ತಲೇ ಇದೆ. ಪ್ರಾಸ್ಟೇಟ್‌ಗೆ ಸಾಮಾನ್ಯವಾಗಿ ಕೊಡುವ ಸಿಪ್ರೊಫ್ಲಾಕ್ಸಸಿನ್, ಲಿವೊಫ್ಲಾಕ್ಸಸಿನ್ ಗುಂಪಿನ ಔಷಧಿಗಳು ಕೆಲವರಲ್ಲಿ ನರಗಳಿಗೇ ಹಾನಿ ಮಾಡುತ್ತವೆ. ನರದ ನೋವು ಇರುವವರಿಗೆ ಅದು ಬೇಕಾ? ಮುಂದೆ ಯಾರಾದರೂ ಬರೆದರೆ "ಕಲ್ಚರ್‌ನಲ್ಲಿ ಏನು ಬಂದಿದೆ?" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಈಗ ಚಿಕಿತ್ಸೆ. ನೀವು ಕೊನೆಯ ಮೆಟ್ಟಿಲಿನಿಂದ ಕೇಳಿದ್ದೀರಿ, ಆಪರೇಷನ್ ಬೇಕಾ ಅಂತ. ಕೆಳಗಿನ ಮೂರು ಮೆಟ್ಟಿಲನ್ನು ನೀವು ಇನ್ನೂ ಸರಿಯಾಗಿ ಹತ್ತಿಲ್ಲ. ಒಂದೊಂದು ಮೆಟ್ಟಿಲಿಗೂ ಒಂದು ಕೆಲಸ ಇದೆ. ನೋವು ಕಮ್ಮಿ ಮಾಡುತ್ತದೆ, ಜೊತೆಗೆ ಮುಂದಿನ ಮೆಟ್ಟಿಲು ಬೇಕಾ ಬೇಡವಾ ಅಂತ ಹೇಳುತ್ತದೆ. ಹಾರಿ ಹೋದರೆ ಆ ತಿಳಿವಳಿಕೆ ಸಿಗುವುದಿಲ್ಲ.

ಮೊದಲ ಮೆಟ್ಟಿಲು ನಿಮ್ಮ ಗಲ್ಲಾ. ದಿನಕ್ಕೆ ಹದಿನಾಲ್ಕು ಗಂಟೆ ನರದ ಮೇಲೆ ಕೂತುಕೊಂಡು ಯಾವ ಮಾತ್ರೆ ನುಂಗಿದರೂ ಪ್ರಯೋಜನ ಕಮ್ಮಿ. 1987ರಲ್ಲಿ ಫ್ರಾನ್ಸಿನ ಅಮರೆಂಕೊ ಎಂಬ ಡಾಕ್ಟರು ಸೈಕಲ್ ಓಡಿಸುವವರಲ್ಲಿ ಇದೇ ನರ ಕೆಡುವುದನ್ನು ವಿವರಿಸಿದರು. ಕಿರಿದಾದ ಸೀಟು, ಗಂಟೆಗಟ್ಟಲೆ ಒತ್ತಡ. ನಿಮ್ಮ ಸ್ಟೂಲು ಸೈಕಲ್ ಸೀಟಿನಷ್ಟು ಕಿರಿದಲ್ಲ, ಆದರೆ ಗಂಟೆಗಳು ಎಷ್ಟೋ ಪಟ್ಟು ಜಾಸ್ತಿ. ಪುಣೆಯಲ್ಲಿ ದಿನಾ ಸ್ಕೂಟರಿನಲ್ಲಿ ಒಂದೊಂದೂವರೆ ಗಂಟೆ ಹೊಂಡ ಹಾರಿಸುತ್ತಾ ಆಫೀಸಿಗೆ ಹೋಗುವವರೂ ಇದೇ ತೊಂದರೆ ಹೇಳಿಕೊಂಡು ಬರುತ್ತಾರೆ.

ನಾಳೆಯೇ ಮಾಡಬಹುದಾದದ್ದು ಒಂದಿದೆ. ಎರಡು ಬೈರಾಸು, ಅಂದರೆ ಟವೆಲ್ ತಗೊಳ್ಳಿ. ಒಂದೊಂದನ್ನೂ ಗಟ್ಟಿಯಾಗಿ ಸುತ್ತಿ, ಚಪಾತಿ ಲಟ್ಟಣಿಗೆಯಷ್ಟು ದಪ್ಪ ಮಾಡಿ. ಎರಡೂ ತುದಿಗೆ ರಬ್ಬರ್ ಬ್ಯಾಂಡ್ ಹಾಕಿ. ಸ್ಟೂಲಿನ ಮೇಲೆ ಮುಂದಿನಿಂದ ಹಿಂದಕ್ಕೆ ಉದ್ದವಾಗಿ, ನಡುವೆ ನಾಲ್ಕು ಬೆರಳು ಜಾಗ ಬಿಟ್ಟು ಇಡಿ. ಎಡಗಡೆ ಕೂರುವ ಮೂಳೆ ಎಡ ಸುರುಳಿಯ ಮೇಲೆ, ಬಲಗಡೆಯದ್ದು ಬಲ ಸುರುಳಿಯ ಮೇಲೆ ಬರಬೇಕು. ನಡುವಿನ ಜಾಗ ಗಾಳಿಯಲ್ಲಿ ಇರಬೇಕು, ಕಮೋಡಿನ ಹಾಗೆ. ಐದು ನಿಮಿಷ ಕೂತು ನೋಡಿ. ಉರಿ ಅರ್ಧ ಇಳಿದರೂ ನಿಮಗೆ ದಾರಿ ಸಿಕ್ಕಿತು. ಆಮೇಲೆ ನಡುವೆ ಉದ್ದಕ್ಕೆ ಕತ್ತರಿಸಿದ ಫೋಮ್ ದಿಂಬು ಮಾಡಿಸಿಕೊಳ್ಳಿ. ಕುರ್ಲಾದಲ್ಲೋ ಎಲ್ಲೋ ಸೋಫಾ ರಿಪೇರಿ ಮಾಡುವವರು ಅಳತೆ ಕೊಟ್ಟರೆ ಮಾಡಿಕೊಡುತ್ತಾರೆ. ಮೆಡಿಕಲ್ ಅಂಗಡಿಯಲ್ಲಿ ಸಿಗುವ ಗಾಳಿ ತುಂಬಿದ ಉಂಗುರದ ದಿಂಬು ಎಲ್ಲರಿಗೂ ಆಗಿಬರುವುದಿಲ್ಲ. ಅದರ ಅಂಚು ಕೆಲವರಿಗೆ ನರದ ಮೇಲೆಯೇ ಬಂದು ಕೂರುತ್ತದೆ.

ಇನ್ನೂ ಒಳ್ಳೆಯದು ಅಂದರೆ ಗಲ್ಲಾವನ್ನೇ ಎತ್ತರ ಮಾಡುವುದು. ಎಷ್ಟೋ ಹೋಟೆಲುಗಳಲ್ಲಿ ಗಲ್ಲಾದವರು ನಿಂತೇ ಬಿಲ್ಲು ತಗೊಳ್ಳುತ್ತಾರೆ. ಮೇಜಿನ ಕೆಳಗೆ ಒಂದು ಗೇಣು ಎತ್ತರದ ಹಲಗೆ ಕೊಟ್ಟರೆ ನೀವೂ ನಿಂತು ಕೆಲಸ ಮಾಡಬಹುದು. ಇಡೀ ದಿನ ನಿಲ್ಲುವುದೂ ಬೇಡ, ಕಾಲು ಸೋಲುತ್ತದೆ. ಇಪ್ಪತ್ತು ನಿಮಿಷ ಕೂತರೆ ಇಪ್ಪತ್ತು ನಿಮಿಷ ನಿಲ್ಲಿ. ಮಧ್ಯಾಹ್ನದ ಊಟದ ರಶ್‌ನಲ್ಲಿ ಇದು ಆಗಲ್ಲ ಅಂತ ನನಗೂ ಗೊತ್ತು. ಆ ಹೊತ್ತಿನಲ್ಲಿ ನಿಂತೇ ಇರಿ, ಮೂರು ಗಂಟೆಗೆ ಹೋಗಿ ಅರ್ಧ ಗಂಟೆ ಮಲಗಿ. ಲೋಕಲ್ ರೈಲಿನಲ್ಲಿ ಸೀಟು ಸಿಕ್ಕರೆ ಬಿಟ್ಟುಕೊಡಿ.

ಮಲಬದ್ಧತೆ ಇದ್ದರೆ ಅದನ್ನು ಸರಿಮಾಡದೆ ಈ ನೋವು ಹೋಗುವುದಿಲ್ಲ. ಮುಕ್ಕುವಾಗ ನರ ಕೆಳಕ್ಕೆ ಎಳೆಯುತ್ತದೆ. ದಿನಾ ಮುಕ್ಕಿದರೆ ದಿನಾ ಎಳೆತ. ಇಸಬ್ಗೋಲ್, ಸಾಕಷ್ಟು ನೀರು, ಕಮೋಡಿನ ಮುಂದೆ ಕಾಲಿಡಲು ಸಣ್ಣ ಮಣೆ. ಮೊಬೈಲ್ ಹಿಡಿದು ಅಲ್ಲಿ ಅರ್ಧ ಗಂಟೆ ಕೂರಬೇಡಿ.

ಎರಡನೇ ಮೆಟ್ಟಿಲು ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ. ನಮ್ಮಲ್ಲಿ ಅತಿ ಕಡಿಮೆ ಜನ ಬರೆದುಕೊಡುವ, ಆದರೆ ನನ್ನ ಅನುಭವದಲ್ಲಿ ಅತಿ ಹೆಚ್ಚು ಜನಕ್ಕೆ ಉಪಯೋಗ ಆಗುವ ಚಿಕಿತ್ಸೆ ಇದೇ. ಸೊಂಟದ ಬಟ್ಟಲಿನ ತಳವನ್ನು ಕೆಲವು ಸ್ನಾಯುಗಳು ಜೋಲಿಯ ಹಾಗೆ ಹಿಡಿದಿರುತ್ತವೆ. ನೋವು ಇದ್ದಾಗ ನಾವು ಗೊತ್ತಿಲ್ಲದೆ ಆ ಜೋಲಿಯನ್ನು ಬಿಗಿ ಹಿಡಿಯುತ್ತೇವೆ. ಹಲ್ಲು ಕಚ್ಚಿದ ಹಾಗೆ. ತಿಂಗಳುಗಟ್ಟಲೆ ಬಿಗಿದ ಸ್ನಾಯು ಗಂಟುಗಟ್ಟುತ್ತದೆ, ಅದರ ಪಕ್ಕದ ನರವನ್ನು ಮತ್ತೆ ಒತ್ತುತ್ತದೆ. ನೋವು ಬಿಗಿತ ತರುತ್ತದೆ, ಬಿಗಿತ ನೋವು ತರುತ್ತದೆ.

ಇದನ್ನು ಬಿಡಿಸಲು ತರಬೇತಾದ ಫಿಸಿಯೋಥೆರಪಿಸ್ಟ್ ಕೈಗವಸು ಹಾಕಿ ಮಲದ್ವಾರದ ಮೂಲಕ, ಹೆಂಗಸರಲ್ಲಿ ಯೋನಿಯ ಮೂಲಕ, ಬೆರಳಿನಿಂದ ಆ ಗಂಟುಗಳನ್ನು ಹುಡುಕಿ ಮೆಲ್ಲಗೆ ಒತ್ತಿ ಸಡಿಲ ಮಾಡುತ್ತಾರೆ. ಕೇಳಿದರೆ ಮುಜುಗರ ಆಗುತ್ತದೆ, ಅಲ್ವಾ? ಮೊದಲ ದಿನವೇ ಮಾಡಿಸಬೇಕೆಂದಿಲ್ಲ. ನಿಮ್ಮ ಒಪ್ಪಿಗೆ ಕೇಳಿಯೇ ಮಾಡಬೇಕು. ಬೇಡ ಅಂದರೆ ಹೊರಗಿನಿಂದ ಮಾಡುವ ವ್ಯಾಯಾಮಗಳಿಂದ ಶುರುಮಾಡುತ್ತಾರೆ. ಒಂದನ್ನು ನೀವೇ ಮಾಡಬಹುದು. ನೆಲದ ಮೇಲೆ ಚಾಪೆ ಹಾಸಿ ಅಂಗಾತ ಮಲಗಿ, ಮೀನಖಂಡಗಳನ್ನು ಕುರ್ಚಿಯ ಮೇಲೆ ಇಡಿ. ಒಂದು ಕೈ ಹೊಟ್ಟೆಯ ಮೇಲೆ. ಮೂಗಿನಿಂದ ನಿಧಾನವಾಗಿ ಉಸಿರು ತಗೊಳ್ಳಿ, ಹೊಟ್ಟೆ ಮೇಲೇರಲಿ. ಆಗ ಕೆಳಗಿನ ಜೋಲಿ ತಾನಾಗಿ ಕೆಳಕ್ಕೆ ಸಡಿಲ ಆಗುತ್ತದೆ. ಮೂತ್ರ ಬಿಡಲು ಶುರುಮಾಡುವ ಕ್ಷಣದಲ್ಲಿ ಒಳಗೆ ಏನೋ ಬಿಟ್ಟ ಹಾಗೆ ಆಗುತ್ತದಲ್ಲ, ಅದೇ ಅನುಭವ. ಉಸಿರು ಬಿಡುವಾಗ ಒಳಗೆ ಎಳೆದುಕೊಳ್ಳಬೇಡಿ, ಹಾಗೇ ಬಿಡಿ. ಹತ್ತು ನಿಮಿಷ, ದಿನಕ್ಕೆ ಎರಡು ಸಲ.

ಮಾಡಬಾರದ್ದು ಯಾವುದು ಅಂತಲೂ ಹೇಳಬೇಕು. ಕೀಗಲ್ ವ್ಯಾಯಾಮ ಈಗ ಬೇಡ. ಅದು ಬಿಗಿ ಮಾಡುವ ವ್ಯಾಯಾಮ, ನಿಮಗೆ ಬೇಕಾದದ್ದು ಸಡಿಲಿಕೆ. ಬೆಳಿಗ್ಗೆ ಪಾರ್ಕಿನಲ್ಲಿ ಯೋಗಕ್ಕೆ ಹೋಗುತ್ತಿದ್ದರೆ ಮೂಲಬಂಧ, ಅಶ್ವಿನಿ ಮುದ್ರೆ ಸದ್ಯಕ್ಕೆ ಬಿಡಿ. ಅವೂ ಅದೇ ಸ್ನಾಯುವನ್ನು ಮೇಲಕ್ಕೆ ಎಳೆದು ಹಿಡಿಯುವಂಥವು. ಮಕರಾಸನ, ಶವಾಸನ ಮಾಡಿ. ಭಾರ ಹೊತ್ತು ಬಸ್ಕಿ ಹೊಡೆಯುವುದು, ಸೈಕಲ್ ತುಳಿಯುವುದು ಬೇಡ. ನಡಿಗೆ ಒಳ್ಳೆಯದು. ಫಿಸಿಯೋಥೆರಪಿಗೆ ಕನಿಷ್ಠ ಎರಡು ಮೂರು ತಿಂಗಳು ಕೊಡಿ. ನಾಲ್ಕು ಸಲ ಹೋಗಿ ಬಿಟ್ಟರೆ ಆಗಲಿಲ್ಲ ಅನ್ನಲು ಬರುವುದಿಲ್ಲ.

ಮೂರನೇ ಮೆಟ್ಟಿಲು ಮಾತ್ರೆ. ಇದನ್ನು ಮೇಲಿನ ಎರಡರ ಜೊತೆಗೇ ತಗೊಳ್ಳಬಹುದು. ಡೈಕ್ಲೋಫಿನ್ಯಾಕ್‌ನಂಥ ಮಾಮೂಲಿ ನೋವಿನ ಮಾತ್ರೆಗೆ ನರದ ಉರಿ ಜಗ್ಗುವುದಿಲ್ಲ. ವರ್ಷಗಟ್ಟಲೆ ತಿಂದರೆ ಕಿಡ್ನಿಗೆ ಹೊಡೆತ. ನರದ ನೋವಿಗೆ ಬೇರೆಯೇ ಔಷಧಿಗಳಿವೆ. ಅಮಿಟ್ರಿಪ್ಟಿಲಿನ್ ಅಥವಾ ನಾರ್‌ಟ್ರಿಪ್ಟಿಲಿನ್ ಅನ್ನು ಸಾಮಾನ್ಯವಾಗಿ ರಾತ್ರಿ 10 ಮಿ.ಗ್ರಾಂ.ನಿಂದ ಶುರುಮಾಡಿ ನಿಧಾನಕ್ಕೆ ಏರಿಸುತ್ತಾರೆ. ಬಾಯಿ ಒಣಗುತ್ತದೆ, ಮಲಬದ್ಧತೆ ಆಗಬಹುದು, ಹೃದಯದ ತೊಂದರೆ ಇದ್ದರೆ ಮೊದಲೇ ಹೇಳಬೇಕು. ಡುಲೊಕ್ಸೆಟಿನ್ ಇನ್ನೊಂದು. ಇವು ಖಿನ್ನತೆಗೂ ಕೊಡುವ ಮಾತ್ರೆಗಳು. ಮೆಡಿಕಲ್‌ನವರು ಹಾಗೆ ಹೇಳಿದರೆ "ನನ್ನನ್ನು ಹುಚ್ಚ ಅಂದುಕೊಂಡರಾ" ಅಂತ ಎಸೆಯಬೇಡಿ. ನರದಲ್ಲಿ ಹೋಗುವ ನೋವಿನ ಸುದ್ದಿಯನ್ನು ಇವು ತಗ್ಗಿಸುತ್ತವೆ, ಅದಕ್ಕೇ ಕೊಡುವುದು.

ನಿಮ್ಮ ಪ್ರೀಗಾಬಾಲಿನ್ ವಿಷಯ. ಕೆಲವರಿಗೆ 75 ಮಿ.ಗ್ರಾಂ. ಎರಡು ಹೊತ್ತು ಶುರುವಿಗೇ ಜಾಸ್ತಿ ಆಗುತ್ತದೆ. ರಾತ್ರಿ ಮಾತ್ರ, ಇನ್ನೂ ಸಣ್ಣ ಪ್ರಮಾಣದಿಂದ ಶುರುಮಾಡಬಹುದಾ ಅಂತ ಬರೆದುಕೊಟ್ಟ ಡಾಕ್ಟರನ್ನೇ ಕೇಳಿ. ತಲೆ ತಿರುಗುವುದು ಒಂದೆರಡು ವಾರದಲ್ಲಿ ಎಷ್ಟೋ ಜನಕ್ಕೆ ಕಮ್ಮಿ ಆಗುತ್ತದೆ. ಕಿಡ್ನಿ ಪರೀಕ್ಷೆ ನೋಡಿ ಪ್ರಮಾಣ ನಿರ್ಧರಿಸಬೇಕು. ಒಂದು ಮಾತ್ರ ಮಾಡಬೇಡಿ, ಸಿಟ್ಟು ಬಂತು ಅಂತ ಒಂದೇ ದಿನ ನಿಲ್ಲಿಸಬೇಡಿ. ಮೆಲ್ಲಗೆ ಇಳಿಸಬೇಕು. ಟ್ರಮಡಾಲ್ ಅನ್ನುವ ನೋವಿನ ಮಾತ್ರೆ ಬಗ್ಗೆ ನನಗೆ ಒಲವಿಲ್ಲ. ಮಲಬದ್ಧತೆ ತರುತ್ತದೆ, ಅಭ್ಯಾಸ ಆಗುತ್ತದೆ, ಮೇಲೆ ಹೇಳಿದ ಖಿನ್ನತೆಯ ಮಾತ್ರೆಗಳ ಜೊತೆ ಸೇರಿದರೆ ಅಪಾಯ.

ಇವೆಲ್ಲ ಮೂರು ನಾಲ್ಕು ತಿಂಗಳು ಸರಿಯಾಗಿ ಮಾಡಿಯೂ ನೋವು ಬಿಡದಿದ್ದರೆ ಆಗ ಇಂಜೆಕ್ಷನ್. ನರದ ಬ್ಲಾಕ್ ಅನ್ನುತ್ತಾರೆ. ಬೋರಲಾಗಿ ಮಲಗಿಸಿ, ಅಲ್ಟ್ರಾಸೌಂಡ್, ಎಕ್ಸ್‌ರೇ ಅಥವಾ ಸಿ.ಟಿ.ಯಲ್ಲಿ ನೋಡುತ್ತಾ, ಪೃಷ್ಠದ ಮೂಲಕ ಸೂಜಿ ಇಳಿಸಿ ನರದ ಪಕ್ಕ ಮರಗಟ್ಟಿಸುವ ಔಷಧಿ ಬಿಡುತ್ತಾರೆ. ಸ್ಕ್ಯಾನ್ ಇಲ್ಲದೆ ಅಂದಾಜಿಗೆ ಚುಚ್ಚುವವರ ಹತ್ತಿರ ಹೋಗಬೇಡಿ.

ಇಲ್ಲಿ ಬಹಳ ಜನ ತಪ್ಪುವ ಒಂದು ಸೂಕ್ಷ್ಮ ಇದೆ. ಬ್ಲಾಕ್ ಆದ ಮೇಲೆ ಮನೆಗೆ ಹೋಗಿ ಮಲಗಿಬಿಡುತ್ತಾರೆ. ಮಾರನೇ ದಿನ "ಏನೂ ಆಗಲಿಲ್ಲ ಡಾಕ್ಟ್ರೇ" ಅನ್ನುತ್ತಾರೆ. ಮುಖ್ಯವಾದದ್ದು ಮೊದಲ ಕೆಲವು ಗಂಟೆ. ಆ ಜಾಗ ಜೋಮು ಹಿಡಿದಿರುವಾಗ ಗಟ್ಟಿ ಕುರ್ಚಿಯ ಮೇಲೆ ಬೇಕೆಂದೇ ಕೂರಬೇಕು. ಕೂರುವ ಮುಂಚೆ ನೋವು ಹತ್ತಕ್ಕೆ ಎಷ್ಟು, ಹದಿನೈದು ನಿಮಿಷ ಕೂತ ಮೇಲೆ ಎಷ್ಟು, ಪ್ರತಿ ಗಂಟೆಗೂ ಬರೆಯಬೇಕು. ಜೋಮು ಇರುವಷ್ಟು ಹೊತ್ತು ನೋವು ಮಾಯ, ಜೋಮು ಬಿಟ್ಟ ಮೇಲೆ ವಾಪಸ್ ಬಂತು ಅಂದರೆ ಅದು ಸೋಲಲ್ಲ. ನೋವು ಈ ನರದ್ದೇ ಅಂತ ಸಿಕ್ಕ ಸಾಕ್ಷಿ. ಜೋಮು ಚೆನ್ನಾಗಿ ಹಿಡಿದಿದ್ದರೂ ನೋವು ಹಾಗೇ ಇತ್ತು ಅಂದರೆ ಹುಡುಕಬೇಕಾದದ್ದು ಬೇರೆ ಕಡೆ. ಅಂಥವರು ಆಪರೇಷನ್ ಹತ್ತಿರವೂ ಹೋಗಬಾರದು. ಔಷಧಿ ಪಕ್ಕದ ದೊಡ್ಡ ನರಕ್ಕೆ ಹರಿದು ಕೆಲವು ಗಂಟೆ ಕಾಲು ಸೋಲಬಹುದು. ಹಾಗಾಗಿ ಅವತ್ತು ಒಬ್ಬರೇ ಲೋಕಲ್ ಹತ್ತಬೇಡಿ, ಜೊತೆಗೆ ಯಾರಾದರೂ ಇರಲಿ.

ಬ್ಲಾಕ್ ಜೊತೆ ಸ್ಟಿರಾಯ್ಡ್ ಸೇರಿಸಿದರೆ ಬಹಳ ದಿನ ಬಾಳುತ್ತದೆ ಅಂತ ಮೊದಲು ನಂಬಿದ್ದರು. 2017ರಲ್ಲಿ ಪ್ರಕಟವಾದ, 201 ಜನರ ಮೇಲೆ ಮಾಡಿದ ಫ್ರೆಂಚ್ ಅಧ್ಯಯನದಲ್ಲಿ ಸ್ಟಿರಾಯ್ಡ್‌ನಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಹಾಗಾಗಿ ತಿಂಗಳಿಗೊಂದು ಸ್ಟಿರಾಯ್ಡ್ ಇಂಜೆಕ್ಷನ್ ಅಂತ ಪ್ಯಾಕೇಜ್ ಹೇಳಿದರೆ ಯಾಕೆ ಅಂತ ಕೇಳಿ. ನಿಮಗೆ ಸಕ್ಕರೆ ಕಾಯಿಲೆ ಇದ್ದರಂತೂ ಖಂಡಿತ ಕೇಳಿ.

ಬ್ಲಾಕ್‌ನಿಂದ ಗುಣ ಕಂಡು, ಆದರೆ ನಿಲ್ಲದಿದ್ದರೆ ಪಲ್ಸ್ಡ್ ರೇಡಿಯೋಫ್ರೀಕ್ವೆನ್ಸಿ ಅನ್ನುವುದೊಂದಿದೆ. ನರದ ಪಕ್ಕ ಸೂಜಿ ಇಟ್ಟು 42 ಡಿಗ್ರಿ ಮೀರದ ಹಾಗೆ ಬಿಟ್ಟು ಬಿಟ್ಟು ವಿದ್ಯುತ್ ಅಲೆ ಕೊಡುತ್ತಾರೆ. ನರವನ್ನು ಸುಡುವುದಿಲ್ಲ. ಸುಡಲೂಬಾರದು, ಮೂತ್ರ ಮಲದ ಹಿಡಿತ ಇದೇ ನರದ್ದು. ಕೆಲವರಿಗೆ ತಿಂಗಳುಗಟ್ಟಲೆ ಆರಾಮ ಸಿಗುತ್ತದೆ. ಅಧ್ಯಯನಗಳು ಸಣ್ಣವು. ಬಿಗಿದ ಸ್ನಾಯುವಿಗೆ ಅದನ್ನು ಸಡಿಲಿಸುವ ಬೊಟಾಕ್ಸ್ ಇಂಜೆಕ್ಷನ್ ಕೊಡುವುದೂ ಇದೆ. ಸುಮಾರು ಮೂರು ತಿಂಗಳು ಇರುತ್ತದೆ, ಫಿಸಿಯೋಥೆರಪಿ ಸೋತ ಮೇಲೆ ಯೋಚಿಸಬಹುದು. ಬೆನ್ನಿನಲ್ಲಿ ತಂತಿ ಮತ್ತು ಬ್ಯಾಟರಿ ಇಡುವ ನರ ಉತ್ತೇಜಕ ಲಕ್ಷಗಟ್ಟಲೆ ಖರ್ಚಿನದ್ದು. ನಿಮ್ಮ ಮಟ್ಟಿಗೆ ಅದರ ಮಾತು ಈಗ ಬೇಡ.

ಇನ್ನು ನೀವು ಕೇಳಿದ ಆಪರೇಷನ್. ಪೃಷ್ಠದ ಮೂಲಕ ಒಳಗೆ ಹೋಗಿ, ನರವನ್ನು ಇರುಕಿಸಿದ ನಾರಿನ ಪಟ್ಟಿ ಕತ್ತರಿಸಿ, ಕಾಲುವೆ ತೆರೆದು ನರ ಬಿಡಿಸುತ್ತಾರೆ. ನಾಂತ್‌ನವರೇ 2005ರಲ್ಲಿ 32 ಜನರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಯಾರಿಗೆ ಆಪರೇಷನ್, ಯಾರಿಗೆ ಬೇರೆ ಚಿಕಿತ್ಸೆ ಅನ್ನುವುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದ್ದರು. ಒಂದು ವರ್ಷದ ಹೊತ್ತಿಗೆ ಆಪರೇಷನ್ ಆದವರಲ್ಲಿ 71.4% ಜನಕ್ಕೆ ಸುಧಾರಣೆ, ಆಗದವರಲ್ಲಿ 13.3%. ಒಳ್ಳೆಯ ಅಂಕಿ. ಆದರೆ ಬಿಡಿಸಿ ನೋಡಿ. ಸುಧಾರಣೆ ಅಂದರೆ ನೋವು ಪೂರ್ತಿ ಹೋಯಿತು ಅಂತಲ್ಲ. ಅವರನ್ನು ಬಹಳ ಜರಡಿ ಹಿಡಿದು ಆರಿಸಿದ್ದರು. ಆಪರೇಷನ್ ಮಾಡಿದವರು ಇದನ್ನೇ ವರ್ಷಗಟ್ಟಲೆ ಮಾಡಿ ಕೈ ಪಳಗಿದವರು. ಆರಾಮ ಕೂಡ ಮಾರನೇ ದಿನ ಬರುವುದಿಲ್ಲ. ನರ ಚೇತರಿಸಲು ತಿಂಗಳುಗಳು ಬೇಕು, ಒಮ್ಮೊಮ್ಮೆ ವರ್ಷ. ನಮ್ಮ ದೇಶದಲ್ಲಿ ಇದನ್ನು ಮಾಡುವವರು ಕಡಿಮೆ. ಯಾರಾದರೂ ಮಾಡುತ್ತೇನೆ ಅಂದರೆ ಇಲ್ಲಿವರೆಗೆ ಎಷ್ಟು ಜನಕ್ಕೆ ಮಾಡಿದ್ದೀರಿ, ಒಂದು ವರ್ಷದ ಮೇಲೆ ಅವರು ಹೇಗಿದ್ದಾರೆ ಅಂತ ಕೇಳಿ. ಉತ್ತರ ತಡವರಿಸಿದರೆ ಎದ್ದು ಬನ್ನಿ. ಹಾಗಾಗಿ ನಿಮ್ಮ ಪ್ರಶ್ನೆಗೆ ಉತ್ತರ: ಈಗ ಆಪರೇಷನ್ ಬೇಡ.

ಇದನ್ನು ಓದುವ ಹೆಂಗಸರಿಗೂ ಎರಡು ಮಾತು. ಹೆರಿಗೆಯಲ್ಲಿ ಈ ನರ ಎಳೆದುಹೋಗಬಹುದು. ಸಿಸೇರಿಯನ್ ಗಾಯದ ಹತ್ತಿರದ ಉರಿ ಬೇರೆ ನರದ್ದು, ಅದಕ್ಕೆ ಬೇರೆ ಬ್ಲಾಕ್. ಮುಟ್ಟಿನ ಜೊತೆ ಏರಿಳಿಯುವ ನೋವಾದರೆ ಎಂಡೊಮೆಟ್ರಿಯೋಸಿಸ್, ಅಂದರೆ ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ ಇದೆಯಾ ಅಂತ ಮೊದಲು ನೋಡಿಸಿ. ಕಾರಣ ಗೊತ್ತಿಲ್ಲದ ಕಿಬ್ಬೊಟ್ಟೆ ನೋವಿಗೆಲ್ಲ ಗಾಬಾಪೆಂಟಿನ್ ಅನ್ನುವ ನರದ ನೋವಿನ ಮಾತ್ರೆ ಬರೆಯುವ ರೂಢಿ ಇತ್ತು. ಬ್ರಿಟನ್ನಿನಲ್ಲಿ 306 ಹೆಂಗಸರ ಮೇಲೆ ಮಾಡಿದ, 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು ಬರೀ ಸಕ್ಕರೆ ಮಾತ್ರೆಗಿಂತ ಮೇಲಾಗಿ ಕೆಲಸ ಮಾಡಲಿಲ್ಲ. "ಮದುವೆಯಾದ ಮೇಲೆ ಎಲ್ಲರಿಗೂ ಇದ್ದದ್ದೇ" ಅಂತ ಮನೆಯಲ್ಲಿ ಹೇಳಿದರೆ ನಂಬಬೇಡಿ.

ಮನೆಯಲ್ಲಿ ಹೇಳಲು ಆಗುವುದಿಲ್ಲ ಅಂತ ಬರೆದಿದ್ದೀರಿ. ಅದು ನನ್ನ ಮನಸ್ಸಿಗೆ ತಟ್ಟಿತು. ಹೆಂಡತಿಗೆ ಹೇಳಿ. ಹತ್ತಿರ ಬರದೆ ದೂರ ಮಲಗುವುದಕ್ಕೆ ಅವರು ಬೇರೆ ಏನೋ ಅರ್ಥ ಮಾಡಿಕೊಂಡಿರಬಹುದು. ಸಂಭೋಗದ ನಂತರ ಉರಿ ಜಾಸ್ತಿ ಆಗುವುದು ಈ ಕಾಯಿಲೆಯ ಭಾಗ. ಗಂಡಸುತನ ಹೋಯಿತು ಅಂತಲ್ಲ. ಈ ಉತ್ತರವನ್ನೇ ಅವರಿಗೆ ಓದಲು ಕೊಡಿ, ಬಾಯಿಬಿಟ್ಟು ಹೇಳುವ ಕಷ್ಟ ತಪ್ಪುತ್ತದೆ. ಎರಡು ವರ್ಷ ಕೂರಲಾಗದೆ ಬದುಕಿದವರಿಗೆ ಕೆಲವು ರಾತ್ರಿ ಬದುಕೇ ಸಾಕು ಅನ್ನಿಸಬಹುದು. ಹಾಗೆ ಅನ್ನಿಸಿದ ದಿನ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸೇವೆ. ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ.

ಎಲ್ಲಿಗೆ ಹೋಗಬೇಕು? ನೋವಿನ ಚಿಕಿತ್ಸೆ ಈಗ ಬೇರೆಯೇ ವಿಭಾಗ, ಸಾಮಾನ್ಯವಾಗಿ ಅರಿವಳಿಕೆ ಡಾಕ್ಟರುಗಳು ನಡೆಸುತ್ತಾರೆ. ಖಾಸಗಿ ಆಸ್ಪತ್ರೆಗೆ ಖರ್ಚು ಮಾಡುವ ಮೊದಲು ಕೆ.ಇ.ಎಂ., ಸಯನ್, ನಾಯರ್‌ನಂಥ ಮುನಿಸಿಪಾಲಿಟಿ ಆಸ್ಪತ್ರೆಯಲ್ಲಿ ಕೇಸ್ ಪೇಪರ್ ಮಾಡಿಸಿ ಅರಿವಳಿಕೆ ವಿಭಾಗದ ಪೇನ್ ಓ.ಪಿ.ಡಿ., ಅಂದರೆ ನೋವಿನ ಹೊರರೋಗಿ ವಿಭಾಗ, ಯಾವ ದಿನ ಅಂತ ವಿಚಾರಿಸಿ. ಪುಣೆಯವರು ಸಸೂನ್ ಆಸ್ಪತ್ರೆಯಲ್ಲಿ, ಗೋವಾದವರು ಬಾಂಬೋಳಿಯ ಮೆಡಿಕಲ್ ಕಾಲೇಜಿನಲ್ಲಿ ಹೀಗೇ ಕೇಳಬಹುದು. ಕಡತದ ಮೇಲೆ ಒಂದು ಹಾಳೆ ಇಡಿ. ಎರಡು ವಾರ ದಿನಾ ಎಷ್ಟು ಹೊತ್ತು ಕೂತಿರಿ, ನೋವು ಹತ್ತಕ್ಕೆ ಎಷ್ಟು, ಮಲ ಹೋದದ್ದು ಹೇಗೆ, ಇಷ್ಟೇ ಬರೆಯಿರಿ. ರಶ್ ಇರುವ ಓ.ಪಿ.ಡಿ.ಯಲ್ಲಿ ಡಾಕ್ಟರಿಗೆ ಆ ಒಂದು ಹಾಳೆ ಎಂ.ಆರ್.ಐ.ಗಿಂತ ಬೇಗ ಅರ್ಥ ಆಗುತ್ತದೆ.

ಮದುವೆಗೆ ಖಂಡಿತ ಹೋಗಿ. ಬಸ್ಸಿನ ಸೀಟಿನಲ್ಲಿ ಮಾತ್ರ ಬೇಡ. ಕುರ್ಲಾ ಟರ್ಮಿನಸ್ಸಿನಿಂದ ಮತ್ಸ್ಯಗಂಧ ರೈಲು ಇದೆ, ಕುಂದಾಪುರದಲ್ಲೂ ನಿಲ್ಲುತ್ತದೆ. ಮೇಲಿನ ಬರ್ತ್ ಕೇಳಿ ತಗೊಳ್ಳಿ. ಕೆಳಗಿನದಾದರೆ ಹಗಲು ಎಲ್ಲರ ಜೊತೆ ಕೂರಬೇಕಾಗುತ್ತದೆ, ಮೇಲಿನದರಲ್ಲಿ ಬೇಕಾದಾಗ ಕಾಲು ಚಾಚಿ ಮಲಗಬಹುದು. ಬೈರಾಸಿನ ಸುರುಳಿ ಎರಡೂ ಚೀಲದಲ್ಲಿರಲಿ. ಧಾರೆಯ ಹೊತ್ತಿಗೆ ಮಂಟಪದ ಪಕ್ಕ ನಿಂತಿರಿ, ಚಿಕ್ಕಪ್ಪ ನಿಂತಿದ್ದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ಊಟಕ್ಕೆ ನೆಲದ ಪಂಕ್ತಿ ಬಿಟ್ಟು ಮೇಜಿನ ಕಡೆ ಹೋಗಿ, ಸುರುಳಿ ಹಾಕಿಕೊಂಡು ಕೂತು ಊಟ ಮಾಡಿ. ಬಡಿಸಲು ಜನ ಬೇಕು ಅಂದರೆ ನೀವೇ ಬಕೆಟ್ ಹಿಡಿಯಿರಿ. ಬಂದ ಮೇಲೆ ಆ ಎರಡು ವಾರದ ಹಾಳೆಯನ್ನು ನನಗೂ ಒಂದು ಕಳಿಸಿ.